ಕಂಬದ ಮೇಲೆ ಗಾಳಿಚೀಲ ಇಲ್ಲದ ದಿನ

ಗಂಗಾವತಿಯಲ್ಲಿ ಮದುವೆಗೋ ಸೀಮಂತಕ್ಕೋ ಹೋದಾಗಲೆಲ್ಲ ಶಾಂಭವಿಗೆ ಎದುರಾಗುತ್ತಿದ್ದ ಪ್ರಶ್ನೆ ಒಂದೇ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಹಿರಿಯ ಹೆಂಗಸು ಯಾರಾದರೂ ಹೋಳಿಗೆ ಮುರಿಯುತ್ತ, "ನೀ ಯಾವ ಕಂಪನಿ ವಿಮಾನ ಹೊಡಿತೀಯವ್ವಾ?" ಎಂದು ಕೇಳುವರು. ಬಸ್ಸಿನ ಡ್ರೈವರನನ್ನು ಯಾವ ಡಿಪೋ ಎಂದು ಕೇಳಿದಷ್ಟೇ ಸರಳವಾದ ಪ್ರಶ್ನೆ. ಒಂದೇ ಮಾತಿನ ಉತ್ತರ ಮಾತ್ರ ಅವಳ ಬಳಿ ಇರಲಿಲ್ಲ.

"ವಿಮಾನ ಒಬ್ಬರದು, ಟಿಕೀಟು ಇನ್ನೊಬ್ಬರದು, ಅತ್ತಿ."

"ಹಂಗಾರ ಪಗಾರ ಯಾರು ಕೊಡ್ತಾರ?"

"ವಿಮಾನದವ್ರು."

"ಬೈಯಾವ್ರು?"

"ಇಬ್ಬರೂ."

ಪಂಕ್ತಿಯವರೆಲ್ಲ ನಗುವರು. ಶಾಂಭವಿಯೂ ನಗುವಳು. ಆದರೆ ಅವಳ ಬದುಕಿನ ಹಲವು ವರ್ಷಗಳ ತೊಡಕು ಆ ನಾಲ್ಕು ಮಾತಿನಲ್ಲೇ ಇತ್ತು.

ಅವಳ ತಂದೆ ಕೊಟ್ರಪ್ಪನವರದು ಗಂಗಾವತಿಯಲ್ಲಿ ಭತ್ತದ ಒಕ್ಕಣೆ ಯಂತ್ರಗಳ, ನೀರೆತ್ತುವ ಎಂಜಿನ್ನುಗಳ ಬಿಡಿಭಾಗಗಳ ಅಂಗಡಿ. ರಾಯಚೂರಿನಿಂದ ಬೇರೆಯಾಗಿ ಕೊಪ್ಪಳವೇ ಒಂದು ಜಿಲ್ಲೆಯಾಗುತ್ತದೆಂಬ ಮಾತು ಗಟ್ಟಿಯಾದ 1997ರಲ್ಲಿ ಶಾಂಭವಿ ಹೈಸ್ಕೂಲು ಓದುತ್ತಿದ್ದಳು. ಊರಿನವರು ಹೊಸ ಕಚೇರಿಗಳು ಎಲ್ಲಿ ಬರುತ್ತವೆ, ನೌಕರಿ ಯಾರಿಗೆ ಸಿಗುತ್ತದೆ ಎಂದು ಚಹದಂಗಡಿಯಲ್ಲಿ ಮಾತಾಡುತ್ತಿದ್ದರೆ ಅವಳು ಅಂಗಡಿಯ ಹಿಂದುಗಡೆ ಕುಳಿತು ಕೆಟ್ಟ ಡೀಸೆಲ್ ಎಂಜಿನ್ನೊಂದನ್ನು ಬಿಚ್ಚುತ್ತಿದ್ದಳು. ತಾಯಿ ಬಸವಣ್ಣೆಮ್ಮ ಬಾಗಿಲಲ್ಲಿ ನಿಂತು, "ಈ ಕೈಲೆ ರೊಟ್ಟಿ ಬಡದ್ರ ಉಂಡಾವ್ರ ಹೊಟ್ಟ್ಯಾಗ ಎಂಜಿನ್ ಚಾಲೂ ಆಗ್ತೈತಿ" ಎಂದು ಬೈಯುವಳು. ಬೈದರೂ ಕೈ ತೊಳೆಯಲು ಸೀಗೆಪುಡಿ ತಂದಿಡುವಳು.

ಎಂಜಿನ್ನಿನ ಹುಚ್ಚೇ ಅವಳನ್ನು ಬೆಂಗಳೂರಿನ ಜಕ್ಕೂರಿಗೆ ಕರೆದೊಯ್ದಿತು. ಅಲ್ಲಿ ವಿಮಾನ ನಡೆಸುವುದನ್ನು ಕಲಿತಳು. ಹುಡುಗಿ ಆಕಾಶಕ್ಕೆ ಏರಿದರೆ ವರ ಎಲ್ಲಿಂದ ತರುತ್ತೀರಿ ಎಂದು ಬಂಧುಗಳು ಕೇಳಿದಾಗ ಕೊಟ್ರಪ್ಪನವರು, "ಬೇಕಾದಾಗ ಇಳದು ಬರ್ತಾಳ, ತಗೊಳ್ರಿ" ಎಂದು ಮಾತು ಮುಗಿಸಿದರು. ವರ ಬರಲಿಲ್ಲ, ಶಾಂಭವಿ ಕಾಯಲೂ ಇಲ್ಲ. ಲೈಸೆನ್ಸು ಕೈಗೆ ಬಂದ ಕಾಲಕ್ಕೆ ವಿಮಾನ ಕಂಪನಿಗಳು ಇದ್ದ ಪೈಲಟ್‌ಗಳನ್ನೇ ಮನೆಗೆ ಕಳಿಸುತ್ತಿದ್ದವು. ಹಾಗಾಗಿ ಅವಳು ಸಣ್ಣ ವಿಮಾನಗಳನ್ನು ಬಾಡಿಗೆಗೆ ಬಿಡುವ ಒಂದು ಚಿಕ್ಕ ಕಂಪನಿಯನ್ನು ಸೇರಿದಳು.

ಬಾಡಿಗೆ ವಿಮಾನದ ಕೆಲಸ ಬಾಡಿಗೆ ಜೀಪಿನ ಕೆಲಸದಂತೆಯೇ. ಯಾರೋ ಕರೆಯುತ್ತಾರೆ, ಹೋಗಬೇಕು. ಚುನಾವಣೆಯ ನಾಯಕರು, ಗ್ರಾನೈಟ್ ವ್ಯಾಪಾರಿಗಳು, ಮಲಗಿಸಿಕೊಂಡೇ ಒಯ್ಯಬೇಕಾದ ರೋಗಿಗಳು, ಒಮ್ಮೆ ಮುಹೂರ್ತಕ್ಕೆ ತಡವಾದ ಮದುಮಗ, ಎಲ್ಲರನ್ನೂ ಅವಳು ಹೊತ್ತು ತಿರುಗಿದಳು. ಇಳಿಯುವ ಜಾಗ ಹೇಗಿದೆಯೆಂದು ತಾನೇ ಫೋನು ಮಾಡಿ ಕೇಳಿಕೊಳ್ಳಬೇಕು, ತಾನೇ ತೀರ್ಮಾನಿಸಬೇಕು. ಯಲಬುರ್ಗಾ ತಾಲ್ಲೂಕಿನ ಕರೇಕಲ್ಲಹಟ್ಟಿಯ ವಿಮಾನಪಟ್ಟಿಗೆ ಅವಳು ಮೊದಲು ಬಂದದ್ದೂ ಹೀಗೆಯೇ. ಸಕ್ಕರೆ ಕಾರ್ಖಾನೆ ಕಟ್ಟುತ್ತೇನೆಂದು ಬಂದ ಶ್ರೀಮಂತರೊಬ್ಬರು ತಮ್ಮ ಓಡಾಟಕ್ಕೆಂದು ಎರೆಹೊಲಗಳ ನಡುವೆ ಆ ರನ್‌ವೇ ಮಾಡಿಸಿದ್ದರು. ಕಾರ್ಖಾನೆ ಏಳಲಿಲ್ಲ, ಪಟ್ಟಿ ಉಳಿಯಿತು.

ಆ ಪಟ್ಟಿಯ ಕಾವಲು ದಾವಲಬೀಯದು. ಗೇಟಿನ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಅವಳ ವಾಸ. ಗಂಡ ತೀರಿಕೊಂಡ ಮೇಲೆ ಅವನ ಕೆಲಸವನ್ನೇ ಹಿಡಿದವಳು. ನಾಯಿ, ಆಡು, ದನಗಳನ್ನು ಓಡಿಸುವುದು, ಕಸ ಗುಡಿಸುವುದು, ಗಾಳಿಯ ದಿಕ್ಕು ತೋರಿಸುವ ಕೆಂಪು ಬಿಳುಪಿನ ಉದ್ದನೆಯ ಗಾಳಿಚೀಲವನ್ನು ಕಂಬಕ್ಕೆ ಏರಿಸುವುದು ಅವಳ ಕೆಲಸ. ಬರುವ ಮುಂಚೆ ಶಾಂಭವಿ ಅವಳಿಗೆ ಫೋನು ಮಾಡುವಳು.

"ದಾವಲಮ್ಮಾ, ಪಟ್ಟಿ ಮ್ಯಾಲ ಏನೈತಿ?"

"ಏನಿಲ್ಲ ಬೇಟಿ. ಒಂದು ಎಮ್ಮಿ ಇತ್ತು, ಬೈದು ಕಳಿಸೀನಿ. ಬಾ."

ಇಷ್ಟು ಮಾತಿನ ಮೇಲೆ ವಿಮಾನ ಇಳಿಯುತ್ತಿತ್ತು. ಇಳಿದ ಮೇಲೆ ಗಿರಾಕಿಗಳು ಕಾರು ಹತ್ತಿ ಹೋದರೆ ಶಾಂಭವಿ ದಾವಲಬೀಯ ಅಂಗಳದಲ್ಲಿ ಕುಳಿತು ಸಜ್ಜೆರೊಟ್ಟಿ, ಪುಂಡಿಪಲ್ಯ ತಿನ್ನುವಳು.

ಕೆಲವು ವರ್ಷಗಳ ನಂತರ ಸಣ್ಣ ಊರುಗಳಿಗೂ ವಿಮಾನ ಬರಬೇಕೆಂಬ ಗಾಳಿ ಎಲ್ಲೆಡೆ ಬೀಸಿತು. ಹೆಸರಾದ ಒಂದು ದೊಡ್ಡ ಕಂಪನಿ ಬೆಂಗಳೂರಿನಿಂದ ಕರೇಕಲ್ಲಹಟ್ಟಿಗೆ ವಾರದಲ್ಲಿ ಕೆಲವು ದಿನ ವಿಮಾನ ಓಡಿಸಲು ಮುಂದಾಯಿತು. ಅಷ್ಟು ಚಿಕ್ಕ ವಿಮಾನ ಅವರಲ್ಲಿ ಇರಲಿಲ್ಲ. ಆದ್ದರಿಂದ ಶಾಂಭವಿಯ ಕಂಪನಿಯ ವಿಮಾನವನ್ನು ಪೈಲಟ್‌ಗಳ ಸಮೇತ ಗುತ್ತಿಗೆಗೆ ಹಿಡಿದರು. ಟಿಕೀಟು ಅವರ ಹೆಸರಿನಲ್ಲಿ, ಹಾರಾಟ ಇವರದು. ಅಂಗಿ ಸಣ್ಣ ಕಂಪನಿಯದು, ಅದರ ಮೇಲೆ ಪಿನ್ನು ಚುಚ್ಚಿಕೊಳ್ಳಬೇಕಾದ ಬಿಲ್ಲೆ ದೊಡ್ಡ ಕಂಪನಿಯದು.

ತೊಡಕು ಹುಟ್ಟಿದ್ದು ಅಲ್ಲಿ. ಬಾಡಿಗೆ ವಿಮಾನ ನಡೆಸುವವರಿಗೆ ಒಂದು ನಿಯಮ. ವೇಳಾಪಟ್ಟಿಯಂತೆ ಹಾರುವ ಕಂಪನಿಗಳ ಪೈಲಟ್‌ಗಳಿಗೆ ಇನ್ನೊಂದು. ಎಷ್ಟು ಹೊತ್ತು ದುಡಿಯಬಹುದು, ಎಷ್ಟು ವಿಶ್ರಾಂತಿ ಬೇಕು, ಎಂಥ ರನ್‌ವೇಯಲ್ಲಿ ಇಳಿಯಬಹುದು ಎಂಬುದೆಲ್ಲ ಎರಡರಲ್ಲೂ ಬೇರೆ ಬೇರೆ. ಬಾಡಿಗೆಯವರು ಕಂಪನಿಯ ಪರವಾಗಿ ಹಾರಿದಾಗ ಯಾವುದನ್ನು ಪಾಲಿಸಬೇಕು? ದಿಲ್ಲಿಯ ಮೇಲಿನ ಕಚೇರಿಯಿಂದ ಕರಡು ಬಂದಿತು. ಕರಡಿಗೆ ಆಕ್ಷೇಪಣೆ ಕರೆದರು. ಆಕ್ಷೇಪಣೆಗಳನ್ನು ಪರಿಶೀಲಿಸುತ್ತಿದ್ದೇವೆ ಎಂದರು. ಅಲ್ಲಿಯವರೆಗೆ ತಾತ್ಕಾಲಿಕ ಅನುಮತಿ. ಅದರ ಅವಧಿ ಮುಗಿದರೆ ಹಾರಾಟ ನಿಲ್ಲುವುದು, ಮತ್ತೆ ಮುಂದುವರಿಸಿದರೆ ಶುರುವಾಗುವುದು. ನಿಂತಾಗ ಬಿಲ್ಲೆ ತೆಗೆಯಬೇಕು, ಶುರುವಾದಾಗ ಚುಚ್ಚಬೇಕು. ಪಿನ್ನಿನ ತೂತಿಗೆ ಅವಳ ಅಂಗಿಯ ಜೇಬು ಜಾಲರಿಯಂತಾಗಿತ್ತು.

ಸಹ ಪೈಲಟ್ ಹಾಲೇಶ ಹರಪನಹಳ್ಳಿ ಕಡೆಯ ತರುಣ, ಮಾತಿನಮಲ್ಲ. "ನಮ್ಮದು ಇಬ್ಬರು ಅತ್ತ್ಯಾರ ಮನಿ ಸೊಸಿ ಬಾಳೇ ಆತಲ್ರಿ ಮೇಡಂ. ಒಬ್ಬಾಕಿ ಸೆರಗು ಹೊದಿ ಅಂತಾಳ, ಇನ್ನೊಬ್ಬಾಕಿ ತಗಿ ಅಂತಾಳ."

"ಹೊದ್ದಾಂಗೂ ಇರ್ಬೇಕು, ತಗದಾಂಗೂ ಇರ್ಬೇಕು. ನಡಿ" ಎನ್ನುವಳು ಶಾಂಭವಿ. ಎರಡರಲ್ಲಿ ಯಾವುದು ಬಿಗಿಯೋ ಅದನ್ನು ಪಾಲಿಸುವುದು ಅವಳು ತಾನಾಗಿ ಹಾಕಿಕೊಂಡ ಪದ್ಧತಿ. ಅದಕ್ಕೆ ಕಾರಣವೂ ಇತ್ತು. ನಿಯಮ ಇತ್ಯರ್ಥವಾಗುವವರೆಗೆ ಈ ದಾರಿಯಲ್ಲಿ ಒಂದು ಕಪ್ಪುಚುಕ್ಕೆಯೂ ಇಲ್ಲದೆ ಹಾರಿದ ಪೈಲಟ್‌ಗಳನ್ನು ತಮ್ಮವರನ್ನಾಗಿ ಸೇರಿಸಿಕೊಳ್ಳುತ್ತೇವೆಂದು ದೊಡ್ಡ ಕಂಪನಿ ಮಾತು ಕೊಟ್ಟಿತ್ತು. ಶಾಂಭವಿಗೆ ನಲವತ್ತು ಹತ್ತಿರ ಬಂದಿತ್ತು. ಯಾರದೋ ಕರೆಗೆ ಯಾವುದೋ ಹೊತ್ತಿನಲ್ಲಿ ಚೀಲ ಎತ್ತುವ ಬಾಳು ಸಾಕಾಗಿತ್ತು. ಒಂದೇ ಮನೆಯವಳಾಗಬೇಕು, ಪಂಕ್ತಿಯಲ್ಲಿ ಕೇಳಿದವರಿಗೆ ಒಂದೇ ಮಾತಿನ ಉತ್ತರ ಹೇಳಬೇಕು. ಅವಳ ಆಸೆ ಅಷ್ಟೇ.

ಈ ಶುರು, ನಿಲುಗಡೆಯ ಆಟವನ್ನು ಕರೇಕಲ್ಲಹಟ್ಟಿಯವರು ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದರು. ಹಾರಾಟ ನಿಂತಾಗ ಬಯಲಿನ ಗಾಳಿಗೆ ಬಟ್ಟೆ ಹರಿಯಬಾರದೆಂದು ದಾವಲಬೀ ಗಾಳಿಚೀಲವನ್ನು ಇಳಿಸಿ ಮಡಚಿಡುತ್ತಿದ್ದಳು. ಆ ಸೀಮೆಯಲ್ಲಿ ಸುಗ್ಗಿ ಬಂದರೆ ಡಾಂಬರು ರಸ್ತೆಯೇ ಕಣ. ಮೆಕ್ಕೆಜೋಳವನ್ನು ರಸ್ತೆಯ ಅರ್ಧಕ್ಕೆ ಹರಡಿ, ಗಾಡಿಗಳು ಮೇಲೆ ಹಾಯದಂತೆ ಅಂಚಿಗೆ ಕಲ್ಲು ಸಾಲಿಡುವುದು ರೂಢಿ. ರಸ್ತೆಗಿಂತ ಅಗಲವಾದ, ಗಾಡಿಯೇ ಓಡಾಡದ ಪಟ್ಟಿ ಪಕ್ಕದಲ್ಲಿರುವಾಗ ಬಿಡುವವರು ಯಾರು? ಕಂಬ ಬರಿದಾಗಿದ್ದರೆ ವಿಮಾನ ಬಂದ್, ಮುರಿದ ಬೇಲಿಯ ಕಡೆಯಿಂದ ಟ್ರ್ಯಾಕ್ಟರು ಒಳಗೆ ಬರಬಹುದು. ಗಾಳಿಚೀಲ ಹಾರಾಡುತ್ತಿದ್ದರೆ ಚಾಲೂ, ಯಾರೂ ಕಾಲಿಡುವಂತಿಲ್ಲ. ಯಾರೂ ಬರೆದು ಹಾಕದ ಈ ಕಟ್ಟಳೆಯನ್ನು ಊರಿನ ಚಿಕ್ಕ ಮಕ್ಕಳೂ ಮೀರುತ್ತಿರಲಿಲ್ಲ. ಮೇಲಿನ ಕಚೇರಿಯ ಕರಡಿಗಿಂತ ಇದು ಎಷ್ಟೋ ಸ್ಪಷ್ಟವಾಗಿತ್ತು.

ದೀಪಾವಳಿ ಕಳೆದ ಒಂದು ಬೆಳಿಗ್ಗೆ. ಹಿಂದಿನ ಸಂಜೆ ಅನುಮತಿಯ ಅವಧಿ ಮುಗಿದಿದೆ, ನಾಳೆ ಹಾರಾಟವಿಲ್ಲ ಎಂದು ಶಾಂಭವಿಗೆ ಸುದ್ದಿ ಬಂದಿತ್ತು. ಬೆಳಕು ಹರಿಯುವ ಮುಂಚೆ ಮತ್ತೆ ಫೋನು: ಅನುಮತಿ ಮುಂದುವರಿದಿದೆ, ಹೊರಡಿ. ಬಾಡಿಗೆಯ ಕಾಲವಾಗಿದ್ದರೆ ಅವಳು ದಾವಲಬೀಗೆ ಫೋನು ಹಚ್ಚುತ್ತಿದ್ದಳು. ಆದರೆ ದೊಡ್ಡ ಕಂಪನಿಯ ನಿಯಮದಂತೆ ನೆಲದ ಸುದ್ದಿ ಕಚೇರಿಯ ಮೂಲಕವೇ ಬರಬೇಕು, ಪೈಲಟ್ ನೇರವಾಗಿ ಯಾರನ್ನೂ ಕೇಳಕೂಡದು. ಕಚೇರಿ, ಎಲ್ಲ ಸರಿಯಿದೆ ಎಂದಿತು. ಬಿಗಿಯಾದ ನಿಯಮವನ್ನು ಪಾಲಿಸುವ ತನ್ನ ಪದ್ಧತಿಯಂತೆ ಅವಳು ಫೋನನ್ನು ಚೀಲಕ್ಕೆ ಹಾಕಿದಳು. ಒಂಬತ್ತು ಆಸನದ ವಿಮಾನ ತುಂಬಿತ್ತು.

ತುಂಗಭದ್ರೆಯ ಹಿನ್ನೀರು ಎಡಕ್ಕೆ ಸರಿದು, ಕೊಪ್ಪಳದ ಕೋಟೆಗುಡ್ಡ ಹಿಂದಾಗಿ, ಕರೇಕಲ್ಲಹಟ್ಟಿಯ ಬಯಲು ಕಣ್ಣಿಗೆ ಬಿದ್ದಾಗ ಶಾಂಭವಿ ಮುಂದಕ್ಕೆ ಬಾಗಿದಳು. ಕರಿಯ ಪಟ್ಟಿಯ ಅರ್ಧಕ್ಕೂ ಹೆಚ್ಚು ಭಾಗ ಅರಿಸಿನ ಬಳಿದಂತೆ ಹಳದಿಯಾಗಿತ್ತು. ಕಂಬದ ಮೇಲೆ ಗಾಳಿಚೀಲ ಇರಲಿಲ್ಲ.

"ಏನ್ರಿ ಅದು?" ಎಂದ ಹಾಲೇಶ.

"ಮೆಕ್ಕಿಜೋಳ."

"ರನ್‌ವೇ ಮ್ಯಾಲ?"

"ಹೂಂ. ಒಣಾಕ ಹಾಕ್ಯಾರ."

ಅವಳು ವಿಮಾನವನ್ನು ಮೇಲೆತ್ತಿ ಸುತ್ತು ಹಾಕಿದಳು. ಸದ್ದು ಕೇಳಿ ಕೆಳಗೆ ಜನ ಎದ್ದರು. ಹೆಂಗಸರು ಪೊರಕೆ ಹಿಡಿದು ಓಡಿದರು, ಗಂಡಸರು ಗೋಣಿಚೀಲ ಬಿಡಿಸಿದರು. ಒಬ್ಬಳು ಮಾತ್ರ ಪಟ್ಟಿಯ ತುದಿಗೆ ಓಡಿಬಂದು, ಬಿದಿರಿನ ಗಳಕ್ಕೆ ಕಟ್ಟಿದ ಕೆಂಪು ಬಿಳುಪಿನ ಬಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು ನಿಂತಳು. ಗಾಳಿಗೆ ಅವಳ ಸೀರೆಯೂ ಆ ಬಟ್ಟೆಯೂ ಒಂದೇ ದಿಕ್ಕಿಗೆ ಹಾರುತ್ತಿದ್ದವು. ದಾವಲಬೀ ತಾನೇ ಕಂಬವಾಗಿದ್ದಳು.

ಕೊಪ್ಪಳದಿಂದ ಆಗ ತಾನೇ ಜೀಪಿನಲ್ಲಿ ಬಂದಿಳಿದ ದೊಡ್ಡ ಕಂಪನಿಯ ಸಿಬ್ಬಂದಿ ರೇಡಿಯೋದಲ್ಲಿ ಏದುಸಿರು ಬಿಡುತ್ತ, "ಸ್ವಲ್ಪ ತಡೀರಿ ಮೇಡಂ, ಗುಡಸಾಕ ಹತ್ಯಾರ, ಗುಡಸಾಕ ಹತ್ಯಾರ" ಎಂದರು.

ಇನ್ನೆರಡು ಸುತ್ತಿನಲ್ಲಿ ಈಚಿನ ಅರ್ಧ ತೆರವಾಗಿ ಮತ್ತೆ ಕಪ್ಪಾಗಿ ಕಂಡಿತು. ಹಾಲೇಶ ಬೆರಳು ತೋರಿಸಿದ. "ಅಷ್ಟು ಸಾಕ್ರಿ ಮೇಡಂ. ನೀವು ಇದಕ್ಕಿಂತ ಗಿಡ್ಡ ಪಟ್ಟಿಗೆ ಇಳಿಸಿದ್ದು ನಾ ಕಂಡೀನಿ."

"ಅಂಚಿಗೆ ಕಲ್ಲು ಇಟ್ಟಿರ್ತಾರ ಹಾಲೇಶ. ತಗದಾರೋ ಇಲ್ಲೋ ಇಲ್ಲಿಂದ ಕಾಣೂದಿಲ್ಲ."

"ತಗದಿರ್ತಾರ್ರಿ. ಅವ್ರಿಗೂ ಜೀವದ ಹೆದರಿಕಿ ಇಲ್ಲೇನು?"

ಹಿಂದಿನಿಂದ ಕುಷ್ಟಗಿಯ ಗ್ರಾನೈಟ್ ವ್ಯಾಪಾರಿಯೊಬ್ಬರ ಗಡಸು ದನಿ ಬಂತು: "ಯಾಕ್ರೀ ಮೇಡಂ, ಪ್ರದಕ್ಷಿಣಿ ಹಾಕಾಕತ್ತೀರಿ? ಹರಕಿ ಐತೇನು?" ನಗು ಎದ್ದಿತು.

ಶಾಂಭವಿ ಯೋಚಿಸಿದಳು. ಬಾಡಿಗೆಯ ನಿಯಮದಲ್ಲಿ ಉಳಿದ ಪಟ್ಟಿ ಸಾಕೋ ಸಾಲದೋ ಎಂಬುದು ಪೈಲಟ್‌ನ ವಿವೇಚನೆಗೆ ಬಿಟ್ಟದ್ದು. ಹಿಂದೆ ಒಬ್ಬ ಮಂತ್ರಿಯನ್ನು ಕೂರಿಸಿಕೊಂಡು ಆಡುಗಳು ಪಕ್ಕದಲ್ಲೇ ಮೇಯುತ್ತಿದ್ದ ಬಯಲಿಗೆ ಅವಳು ಇಳಿದಿದ್ದಳು, ಯಾರೂ ತಪ್ಪೆನ್ನಲಿಲ್ಲ. ದೊಡ್ಡ ಕಂಪನಿಯ ನಿಯಮದಲ್ಲಿ ಪಟ್ಟಿಯ ಪೂರ್ತಿ ಉದ್ದ ಖಾಲಿ ಇರಬೇಕು. ಇಂದು ತಾನು ಯಾರು? ದಿಲ್ಲಿಯವರಿಗೇ ಗೊತ್ತಿಲ್ಲದ್ದನ್ನು ಈ ಎತ್ತರದಲ್ಲಿ ತಾನೇ ತೀರ್ಮಾನಿಸಬೇಕಾಗಿತ್ತು. ವಿಮಾನವನ್ನು ಇಡಿಯಾಗಿ ಬಾಡಿಗೆ ಹಿಡಿದವನು ಪೈಲಟರನ್ನೂ ಅವರ ವಿವೇಚನೆಯನ್ನೂ ಒಪ್ಪಿಕೊಂಡೇ ಹತ್ತಿರುತ್ತಾನೆ. ಹಿಂದೆ ನಗುತ್ತಿರುವವರು ಹಾಗಲ್ಲ. ಅವರು ಒಂದು ದೊಡ್ಡ ಹೆಸರನ್ನು ನಂಬಿ ಟಿಕೀಟು ಕೊಂಡವರು. ತನ್ನ ಧೈರ್ಯವನ್ನು ಅವರು ಕೇಳಿರಲಿಲ್ಲ.

"ಹುಬ್ಬಳ್ಳಿಗೆ ಹೋಗೂಣು" ಎಂದಳು.

"ಕಪ್ಪುಚುಕ್ಕಿ ಬೀಳ್ತೈತ್ರಿ ಮೇಡಂ."

"ಬೀಳ್ಲಿ."

ಹುಬ್ಬಳ್ಳಿಯಲ್ಲಿ ಇಳಿದಾಗ ಕುಷ್ಟಗಿಯ ವ್ಯಾಪಾರಿ ಅವಳ ಎದುರಿಗೇ ನಿಂತರು. "ಕರೇಕಲ್ಲಹಟ್ಟಿ ಅಂತ ಟಿಕೀಟು ಕೊಟ್ಟು ಹುಬ್ಬಳ್ಳಿ ತೋರಿಸಿದ್ರಿ. ನಮ್ಮ ಕೆಂಪು ಬಸ್ಸಿನ್ಯಾಗೂ ಹಿಂಗಾಗಿಲ್ಲ ತಂಗಿ. ಅಷ್ಟು ಅಂಜಿಕಿ ಇದ್ದಾವ್ರು ಮನಿಯಾಗ ಕುಂದರಬೇಕು." ಶಾಂಭವಿ ಕೈ ಮುಗಿದಳು. ಅವರನ್ನೆಲ್ಲ ಕಾರುಗಳಲ್ಲಿ ಕಳಿಸಿಕೊಟ್ಟ ಮೇಲೆ ಸಣ್ಣ ಕಂಪನಿಯ ಮ್ಯಾನೇಜರರ ಫೋನು ಬಂದಿತು. ಅವರು ಬೆಂಗಳೂರಿನವರು, ಮೆತ್ತನೆಯ ಮಾತಿನವರು.

"ನೀವು ಮಾಡಿದ್ದು ಸರಿ ಶಾಂಭವಿ. ವರದಿಯಲ್ಲಿ ಮಾತ್ರ ಹವಾಮಾನ ಅಂತ ಬರೆದುಬಿಡಿ. ಮಂಜು ಕವಿದಿತ್ತು, ಪಟ್ಟಿ ಕಾಣಲಿಲ್ಲ. ಮಂಜಿಗೆ ಯಾರೂ ಹೊಣೆಯಲ್ಲ. ನಿಮಗೂ ಚುಕ್ಕೆ ಬೀಳೋದಿಲ್ಲ."

"ಮೆಕ್ಕೆಜೋಳ ಅಂತ ಬರೆದರೆ?"

"ದೊಡ್ಡವರು ಗುತ್ತಿಗೆ ಬಿಡೋದಕ್ಕೆ ನೆಪ ಹುಡುಕ್ತಿದ್ದಾರೆ. ಈ ಅನುಮತಿಯ ಜಗ್ಗಾಟ ಅವರಿಗೂ ಸಾಕಾಗಿದೆ. ಅವರು ಬಿಟ್ಟರೆ ನೀವು ಯಾವ ಕಂಪನಿ ಸೇರ್ತೀರಿ? ನಾಳೆ ಸಂಜೆಯವರೆಗೆ ಟೈಮಿದೆ. ಯೋಚನೆ ಮಾಡಿ."

ಮರುದಿನ ಶಾಂಭವಿ ರೈಲಿನಲ್ಲಿ ಕೊಪ್ಪಳಕ್ಕೆ ಬಂದು, ಅಲ್ಲಿಂದ ಯಲಬುರ್ಗಾ ಬಸ್ಸು ಹತ್ತಿ ಕರೇಕಲ್ಲಹಟ್ಟಿಗೆ ಹೋದಳು. ಏನು ಬರೆಯಬೇಕಾದರೂ ನಡೆದದ್ದೇನೆಂದು ತಿಳಿಯಬೇಕು. ಯಾರ ಮೇಲೆ ಬರೆಯುವುದೋ ಅವರ ಮುಖ ನೋಡಿ ಬರೆಯಬೇಕು ಎನ್ನಿಸಿತ್ತು.

ದಾವಲಬೀ ಅಂಗಳದಲ್ಲೇ ಇದ್ದಳು. ಮೆಕ್ಕೆಜೋಳದ ಒಡೆಯ ಹೊನ್ನೂರಪ್ಪನೂ ಅಲ್ಲಿಗೆ ಬಂದು ಟವೆಲ್ಲು ಹಿಂಡುತ್ತ ಕುಳಿತಿದ್ದ. ನಡೆದದ್ದು ಇಷ್ಟು: ವಿಮಾನ ಬಂದದ್ದರ ಹಿಂದಿನ ದಿನ ಬೀಸಿದ ಗಾಳಿಗೆ ಗಾಳಿಚೀಲ ಸೀಳಿತ್ತು. ಹಾರಾಟ ಇಲ್ಲವೆಂಬುದನ್ನಾಗಲಿ ಮತ್ತೆ ಉಂಟೆಂಬುದನ್ನಾಗಲಿ ದಾವಲಬೀಗೆ ಯಾರೂ ಹೇಳಿರಲಿಲ್ಲ. ವಿಮಾನ ಬರುವುದರೊಳಗೆ ಹೊಲಿದು ಏರಿಸಿದರಾಯಿತೆಂದು ಬೆಳಿಗ್ಗೆಯೇ ಇಳಿಸಿ ಹೊಲಿಗೆಯಂತ್ರದ ಮುಂದೆ ಕುಳಿತಳು. ಹೊನ್ನೂರಪ್ಪ ಹೊಲದಿಂದ ನೋಡಿದ, ಕಂಬ ಬರಿದು. ಮುರಿದ ಬೇಲಿಯ ಆಚೆ ತುದಿಯಿಂದ ಟ್ರ್ಯಾಕ್ಟರು ತಂದು ಮೆಕ್ಕೆಜೋಳ ಸುರುವಿದ; ಹೊಲಿಗೆಯಂತ್ರದ ಸದ್ದಿನಲ್ಲಿ ದಾವಲಬೀಗೆ ಅದು ಕೇಳಲಿಲ್ಲ.

"ಕಂಬ ಖಾಲಿ ಇದ್ರ ಬಂದ್ ಅಲ್ಲೇನ್ರಿ? ಇಷ್ಟು ದಿನ ಹಂಗ ನಡದೈತಿ" ಎಂದ ಅವನು.

"ಹೊಲಿಯಾಕ ತಗದಿದ್ನೋ ಭಾಡ್ಯಾ! ಬಂದು ಒಂದು ಮಾತು ಕೇಳಾಕ ನಿನ್ನ ಕಾಲಿಗೆ ಏನಾಗಿತ್ತು?"

"ಹೊಲಿಯಾಕ ತಗದಿ ಅಂತ ನನಗ ಕನಸು ಬೀಳಬೇಕಿತ್ತೇನು? ಒಂದು ಹಳೇ ಸೀರಿ ಕಟ್ಟಿದ್ರ ಆಗ್ತಿತ್ತು."

"ನನ್ನ ಸೀರಿ ನೋಡಿ ವಿಮಾನ ಇಳೀಬೇಕಾ? ಹೋಗೋ!"

ಇಬ್ಬರ ಜಗಳಕ್ಕೆ ಶಾಂಭವಿಗೆ ನಗು ಬಂತು. ಮ್ಯಾನೇಜರು ಹೇಳಿದ್ದನ್ನು ಅವಳು ಮುಚ್ಚಿಡದೆ ಹೇಳಿದಳು. ಹೊನ್ನೂರಪ್ಪನ ಮುಖ ಅರಳಿತು.

"ಮಂಜು ಬರೀರಿ ಅಕ್ಕಾರ. ಮುಂಜಾನಿ ಎದ್ದು ನೋಡ್ತೀನಿ, ನನ್ನ ಎತ್ತು ನನಗ ಕಾಣವಲ್ದು! ಅಷ್ಟು ಮಂಜು. ನಾನೇ ಸಾಕ್ಷಿ ಹೇಳ್ತೀನಿ."

"ಯಲಬುರ್ಗಾದ ಬಯಲಾಗ ಎತ್ತು ಕಾಣದಷ್ಟು ಮಂಜು! ದಿಲ್ಲಿಯಾವ್ರು ನಂಬ್ತಾರ, ನಿನ್ನ ಎತ್ತು ನಂಬೂದಿಲ್ಲ" ಎಂದಳು ದಾವಲಬೀ. ಆಮೇಲೆ ನಗು ನಿಲ್ಲಿಸಿ ಶಾಂಭವಿಯ ಮುಖ ನೋಡಿದಳು. "ಬೇಟಿ, ಬರದ್ರ ನನ್ನ ಹೆಸರೂ ಬರ್ತೈತಿ ಹೌದಲ್ಲೋ?"

"ಬರ್ತೈತಿ ದಾವಲಮ್ಮಾ."

"ಹಂಗಾರ ಬರಿಬ್ಯಾಡ. ಮಂಜು ಅನ್ನು. ಮಂಜಿಗೆ ಹೊಟ್ಟಿ ಇಲ್ಲ, ನನಗೈತಿ."

ಶಾಂಭವಿ ಚೀಲ ಹೆಗಲಿಗೇರಿಸಿ ಬಸ್ಸಿನ ಕಡೆ ನಡೆದಳು.

ಅಲ್ಲಿಂದ ಅವಳು ಗಂಗಾವತಿಗೆ ಬಂದಳು. ಕೊಟ್ರಪ್ಪನವರು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದರು. ಸುಗ್ಗಿಯ ಕಾಲ, ಒಕ್ಕಣೆ ಯಂತ್ರದ ಬೆಲ್ಟು ಕೇಳಿಕೊಂಡು ಜನ ಬರುತ್ತಲೇ ಇದ್ದರು. ಜನ ಕಡಿಮೆಯಾದ ಮೇಲೆ ಮಗಳ ಮಾತೆಲ್ಲ ಕೇಳಿ, "ನೀ ಖರೇ ಬರೀದಿದ್ರ ಯಾರಿಗೆ ಲುಕ್ಸಾನ?" ಎಂದರು.

"ಮುಂದ ಅಲ್ಲಿಗೆ ಬರೋ ಪೈಲಟ್‌ಗ. ಮಂಜು ಅಂತ ಬರದ್ರ ಯಾರೂ ಬೇಲಿ ಸರಿ ಮಾಡೂದಿಲ್ಲ, ದಾವಲಮ್ಮಗ ಮೊದಲ ಸುದ್ದಿ ಮುಟ್ಟಿಸೂದಿಲ್ಲ. ಮುಂದಿನಾಂವ ಅರ್ಧ ಪಟ್ಟಿ ಸಾಕು ಅಂತ ಇಳದಾನು. ಅಂಚಿಗೆ ಕಲ್ಲು ಇರ್ತಾವಂತ ಅಂವಗ ಹೆಂಗ ಗೊತ್ತಾಗಬೇಕು?"

"ಅಂವ ಯಾರು?"

"ಗೊತ್ತಿಲ್ಲಪ್ಪಾ."

"ಗೊತ್ತಿಲ್ಲದಾವ್ರ ಸಲುವಾಗಿ ಗೊತ್ತಿದ್ದಾವ್ರನ್ನ ಕೆಡಿಸ್ತೀಯೇನು? ಆ ಹೆಣಮಗಳು, ನೀನು, ಇಬ್ಬರೂ ಮುಳಗ್ತೀರಿ."

"ವಿಮಾನದಾಗ ಹಿಂದ ಕುಂತಾವ್ರು ಎಲ್ಲಾರೂ ಗೊತ್ತಿಲ್ಲದಾವ್ರ ಅಪ್ಪಾ. ನನ್ನ ಕೆಲಸಾನ ಅದು."

ಕೊಟ್ರಪ್ಪನವರು ಕನ್ನಡಕ ತೆಗೆದು ಒರೆಸಿದರು. ಒಳಗಿದ್ದ ಬಸವಣ್ಣೆಮ್ಮನನ್ನು ಕೂಗಿ, ಮಗಳಿಗೆ ಚಹ ಕೊಡಲು ಹೇಳಿದರು.

ಶಾಂಭವಿ ನಡೆದದ್ದನ್ನು ನಡೆದಂತೆಯೇ ಬರೆದಳು. ಪಟ್ಟಿಯ ಮೇಲೆ ಧಾನ್ಯವಿತ್ತು. ಗಾಳಿಚೀಲವನ್ನು ಹೊಲಿಯಲು ಇಳಿಸಲಾಗಿತ್ತು. ಹಾರಾಟವಿದೆಯೆಂದು ಕಾವಲುಗಾರ್ತಿಗೆ ಯಾರೂ ತಿಳಿಸಿರಲಿಲ್ಲ. ಎರಡು ನಿಯಮಗಳ ನಡುವೆ ಸಿಕ್ಕು ತಾನೂ ಫೋನು ಮಾಡಿರಲಿಲ್ಲ. ಕೊನೆಗೆ, ಹಾರಾಟ ಇದೆಯೋ ಇಲ್ಲವೋ ಎಂಬುದು ನಡೆಸುವವರಿಗೇ ತಿಳಿಯದಿರುವಾಗ ಊರಿನವರು ಒಂದು ಬಟ್ಟೆಯನ್ನು ನೋಡಿ ತಿಳಿಯಲೆತ್ನಿಸಿದ್ದು ಅಪರಾಧವಲ್ಲ ಎಂದೂ ಸೇರಿಸಿದಳು. ಆ ಸಾಲನ್ನು ತೆಗೆಯುವಂತೆ ಮ್ಯಾನೇಜರು ಕೇಳಿಕೊಂಡರು. ಅವಳು ತೆಗೆಯಲಿಲ್ಲ.

ವಿಚಾರಣೆಗೆ ದಿಲ್ಲಿಗೆ ಕರೆದರು. ಸೌಮ್ಯ ಸ್ವಭಾವದ ಹಿರಿಯ ಅಧಿಕಾರಿಯೊಬ್ಬರು ಎಲ್ಲವನ್ನೂ ಓದಿ, "ಆ ದಿನ ನೀವು ಯಾವ ನಿಯಮದಡಿ ಹಾರುತ್ತಿದ್ದಿರಿ?" ಎಂದು ಕೇಳಿದರು.

"ಅದನ್ನು ನಿಮ್ಮಿಂದ ಕೇಳಿ ತಿಳಿದುಕೊಳ್ಳೋಣ ಅಂತಲೇ ಬಂದಿದ್ದೇನೆ ಸರ್" ಎಂದಳು ಶಾಂಭವಿ. ವ್ಯಂಗ್ಯವಾಗಿ ಅಲ್ಲ, ನಿಜವಾಗಿಯೂ ಅವಳಿಗೆ ತಿಳಿಯಬೇಕಾಗಿತ್ತು. ಅಧಿಕಾರಿ ಪೆನ್ನು ಕೆಳಗಿಟ್ಟರು. "ವಿಷಯ ಇನ್ನೂ ಪರಿಶೀಲನೆಯಲ್ಲಿದೆ" ಎಂದರು.

ಅವಳ ತಪ್ಪಿಲ್ಲವೆಂದು ಹೇಳಿ ಕಳಿಸಿದರು. ಆದರೆ ದೊಡ್ಡ ಕಂಪನಿ ಕರೇಕಲ್ಲಹಟ್ಟಿಯ ದಾರಿಯನ್ನೇ ಬಿಟ್ಟಿತು. ಬೇರೆ ದಾರಿಗಳಲ್ಲಿ ಹಾರಿದ ಕೆಲವು ಬಾಡಿಗೆ ಪೈಲಟ್‌ಗಳನ್ನು ಸೇರಿಸಿಕೊಂಡರು; ಈ ದಾರಿಯವರಲ್ಲಿ ವರದಿ ಬರೆಯದ ಹಾಲೇಶನನ್ನು ಕರೆದರು, ಬರೆದ ಶಾಂಭವಿಯನ್ನು ಕರೆಯಲಿಲ್ಲ. ಅವನು ಫೋನಿನಲ್ಲಿ ಅತ್ತ. "ಮೇಡಂ, ಮಂಜು ಅಂದಿದ್ರ ನೀವೂ ಬರ್ತಿದ್ರಿ" ಎಂದ. "ನೀ ಛಲೋ ಹಾರು. ಅರ್ಧ ಪಟ್ಟಿಗೆ ಇಳೀಬ್ಯಾಡ" ಎಂದು ಅವಳು ನಕ್ಕಳು. ಫೋನಿಟ್ಟ ಮೇಲೆ ಆ ನಗು ಉಳಿಯಲಿಲ್ಲ. ಅವಳು ಮತ್ತೆ ಯಾರದೋ ಕರೆಗೆ ಚೀಲ ಎತ್ತುವ ಬಾಡಿಗೆ ಪೈಲಟ್ ಆಗಿಯೇ ಉಳಿದಳು. ಬಿಟ್ಟುಹೋದ ಪಟ್ಟಿಯ ಕಾವಲಿಗೆ ಜನ ಬೇಡವಾಗಿ ದಾವಲಬೀಯ ಕೆಲಸವೂ ಹೋಯಿತು.

ಇದು ಶಾಂಭವಿಗೆ ಮುಳ್ಳಾಗಿ ಉಳಿಯಿತು. ಫೋನು ಹಚ್ಚಲು ಧೈರ್ಯ ಬರಲಿಲ್ಲ. ಕೆಲವು ತಿಂಗಳು ಹಾಗೆಯೇ ಕಳೆದವು. ಕೊನೆಗೆ ಬೇಸಿಗೆಯ ಒಂದು ಮಧ್ಯಾಹ್ನ, ಯಲಬುರ್ಗಾದಲ್ಲಿ ಬಸ್ಸಿಳಿದು ದಾವಲಬೀಯ ಹೊಸ ಮನೆ ಹುಡುಕಿಕೊಂಡು ಹೋದಳು. ದಾವಲಬೀ ಈಗ ತಂಗಿ ಬಾಷಾಬಿಯ ಮನೆಯಲ್ಲಿದ್ದು, ಶಾಲೆಯ ಬಿಸಿಯೂಟದ ಅಡುಗೆಗೆ ಹೋಗುತ್ತಿದ್ದಳು. ಬಾಗಿಲಲ್ಲಿ ಶಾಂಭವಿಯನ್ನು ಕಂಡು ತಿರುಗಿ ಒಳಗೆ ಹೋದಳು. ಶಾಂಭವಿ ಹೊಸ್ತಿಲ ಹೊರಗೇ ನಿಂತಳು. ಬಿಸಿಲು ನೆತ್ತಿಯನ್ನು ಸುಡುತ್ತಿತ್ತು. ಒಳಗೆ ಪಾತ್ರೆ ಸದ್ದಾಯಿತು, ನೀರಿನ ಸದ್ದಾಯಿತು. ಬಾಷಾಬಿ ಒಮ್ಮೆ ಇಣುಕಿ ನೋಡಿ ಮರೆಯಾದಳು.

"ದಾವಲಮ್ಮಾ, ನನ್ನ ಮ್ಯಾಲ ಸಿಟ್ಟು ಐತೇನು?"

"ಐತಿ" ಎಂದು ಒಳಗಿನಿಂದಲೇ ಉತ್ತರ ಬಂತು.

"ನಾ ಹೋಗ್ಲೇನು?"

ಆಗ ದಾವಲಬೀ ಹೊರಗೆ ಬಂದಳು. ಕೈಯಲ್ಲಿ ತಾಟು ಇತ್ತು. ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಹಸಿ ಉಳ್ಳಾಗಡ್ಡಿ. ಕಣ್ಣು ಕೆಂಪಾಗಿದ್ದವು.

"ಬರಿಬ್ಯಾಡ ಅಂದೆ, ಬರದಿ. ಉಣ್ಣು ಅಂದ್ರಾದ್ರೂ ಉಣ್ತೀಯೋ ಅದನ್ನೂ ಕೇಳೂದಿಲ್ಲೋ?"

ಶಾಂಭವಿ ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕುಳಿತಳು. ದಾವಲಬೀ ಎದುರಿಗೆ ಕುಳಿತು ಬೀಸಣಿಗೆಯಿಂದ ಗಾಳಿ ಹಾಕತೊಡಗಿದಳು. ಸಿಟ್ಟು ಅವಳ ಮುಖದಲ್ಲಿ ಇನ್ನೂ ಇತ್ತು. ಗಾಳಿ ಹಾಕುವ ಕೈ ಮಾತ್ರ ನಿಲ್ಲಲಿಲ್ಲ. ಒಂದು ರೊಟ್ಟಿ ಮುಗಿಯುವುದರೊಳಗೆ ಇನ್ನೊಂದು ತಾಟಿಗೆ ಬಿದ್ದಿತ್ತು.